ಇಪ್ಪತ್ತೈದು ಲಕ್ಷ ಕೋಟಿ ಕಣ, ಎರಡು ಮಿಲಿಗ್ರಾಮ್ ಕಬ್ಬಿಣ

ರಕ್ತ ಪರೀಕ್ಷೆಗೆಂದು ಬೆರಳ ತುದಿಗೆ ಸೂಜಿ ತಾಗಿಸಿದಾಗ ಉಬ್ಬಿ ನಿಲ್ಲುವ ಒಂದೇ ಒಂದು ಹನಿಯಲ್ಲಿ ಸುಮಾರು 25 ಕೋಟಿ ಕೆಂಪು ರಕ್ತಕಣಗಳಿರುತ್ತವೆ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಅಂಥ ನಾಲ್ಕು ರಾಜ್ಯಗಳ ಜನರಷ್ಟು ಕಣಗಳು ಆ ಹನಿಯಲ್ಲಿವೆ. ನಾವು ಅದನ್ನು ಹತ್ತಿಯಿಂದ ಒರೆಸಿ ಬಿಸಾಡುತ್ತೇವೆ, ಮೈಗೆ ಅದರ ಪರಿವೆಯೂ ಆಗುವುದಿಲ್ಲ. ಆಗಬೇಕಾಗಿಯೂ ಇಲ್ಲ. ಎರಡು ನಿಮಿಷ ಕಳೆಯುವುದರೊಳಗೆ ಮೈ ಅಷ್ಟೂ ಕಣಗಳನ್ನು ಹೊಸದಾಗಿ ಹುಟ್ಟಿಸಿ ರಕ್ತಕ್ಕೆ ಸೇರಿಸಿರುತ್ತದೆ.

ವಯಸ್ಕರೊಬ್ಬರ ದೇಹದಲ್ಲಿ ಇರುವುದು ಸುಮಾರು ಐದು ಲೀಟರ್ ರಕ್ತ. ಅದರಲ್ಲಿನ ಕೆಂಪು ಕಣಗಳೆಲ್ಲ ಸೇರಿದರೆ ಹತ್ತಿರ ಹತ್ತಿರ 25 ಲಕ್ಷ ಕೋಟಿ. ಭೂಮಿಯ ಮೇಲೆ ಇವತ್ತು ಬದುಕಿರುವ 800 ಕೋಟಿ ಜನರ ಮೂರು ಸಾವಿರ ಪಟ್ಟಿಗೂ ಮಿಕ್ಕಿದ ಸಂಖ್ಯೆ ಇದು. 2016ರಲ್ಲಿ ರಾನ್ ಸೆಂಡರ್, ಶಾಯ್ ಫುಕ್ಸ್ ಮತ್ತು ರಾನ್ ಮಿಲೊ ಎಂಬ ಮೂವರು ವಿಜ್ಞಾನಿಗಳು ಮನುಷ್ಯ ದೇಹದ ಜೀವಕೋಶಗಳ ಲೆಕ್ಕವನ್ನು ಮೊದಲಿನಿಂದ ಹಾಕಿ ನೋಡಿದರು. 70 ಕಿಲೋ ತೂಕದ ಗಂಡಸಿನ ಮೈಯಲ್ಲಿ ಒಟ್ಟು ಸುಮಾರು 30 ಲಕ್ಷ ಕೋಟಿ ಜೀವಕೋಶಗಳಿದ್ದರೆ ಅವುಗಳಲ್ಲಿ ಶೇ 84ರಷ್ಟು ಕೆಂಪು ರಕ್ತಕಣಗಳೇ ಎಂದು ಅವರ ಲೆಕ್ಕ ಹೇಳಿತು. ಮಿದುಳು, ಮೂಳೆ, ಮಾಂಸಖಂಡ, ಚರ್ಮ, ಕರುಳು ಎಲ್ಲ ಸೇರಿ ಉಳಿದ ಶೇ 16. ತಲೆ ಎಣಿಸಿ ಬಹುಮತ ನಿರ್ಧರಿಸುವುದಾದರೆ ನಮ್ಮ ದೇಹ ಕೆಂಪು ಕಣಗಳಿಗೇ ಸೇರಿದ್ದು.

ಒಂದೊಂದು ಕಣದ ಅಗಲ ಏಳೂವರೆ ಮೈಕ್ರಾನ್. ಒಂದು ಮಿಲಿಮೀಟರ್ ಜಾಗದಲ್ಲಿ ನೂರಾ ಮೂವತ್ತಕ್ಕೂ ಹೆಚ್ಚು ಕಣಗಳನ್ನು ಸಾಲಾಗಿ ಕೂರಿಸಬಹುದು. ಇಷ್ಟು ಸಣ್ಣ ಕಣಗಳನ್ನು, ಒಬ್ಬರೇ ವ್ಯಕ್ತಿಯ ಮೈಯಿಂದ ತೆಗೆದು, ಒಂದಕ್ಕೊಂದು ತಾಗುವಂತೆ ಸಾಲಾಗಿ ಇಡುತ್ತ ಹೋದರೆ ಆ ಸಾಲು 1,87,500 ಕಿಲೋಮೀಟರ್ ಉದ್ದವಾಗುತ್ತದೆ. ಸಮಭಾಜಕದ ಗುಂಟ ಭೂಮಿಯನ್ನು ನಾಲ್ಕೂವರೆ ಸುತ್ತು ಸುತ್ತಬಹುದು, ಚಂದ್ರನ ದಾರಿಯಲ್ಲಿ ಹತ್ತಿರ ಹತ್ತಿರ ಅರ್ಧ ದೂರ ಹೋಗಬಹುದು. ಅವುಗಳ ಹೊರಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 3,400 ಚದರ ಮೀಟರ್, ಅಂದರೆ 33 ಗುಂಟೆ. ಆಮ್ಲಜನಕ ಒಳಹೋಗಿ ಹೊರಬರುವುದು ಈ ಹೊರಮೈಯ ಮೂಲಕ. ಎಕರೆಗೆ ಏಳು ಗುಂಟೆ ಕಡಿಮೆಯಾದ ಈ ವಿಸ್ತಾರ ನಮ್ಮ ಐದಾರು ಅಡಿಯ ಮೈಯೊಳಗೆ ಹರಿದಾಡುತ್ತಿದೆ.

ಕಣದ ಒಳಗೆ

ಈ ಕಣದ ಒಳಹೊಕ್ಕರೆ ಮತ್ತೊಂದು ಲೋಕ ತೆರೆದುಕೊಳ್ಳುತ್ತದೆ. ಒಂದೊಂದು ಕೆಂಪು ಕಣದಲ್ಲೂ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳಿವೆ. ಒಂದು ಹಿಮೋಗ್ಲೋಬಿನ್ ಅಣು ನಾಲ್ಕು ಆಮ್ಲಜನಕ ಅಣುಗಳನ್ನು ಹೊರುತ್ತದೆ. ಹಾಗಾಗಿ ಕಣ್ಣಿಗೆ ಕಾಣದ ಒಂದೇ ಕಣ ಶ್ವಾಸಕೋಶದಿಂದ ಹೊರಡುವಾಗ ನೂರು ಕೋಟಿಗೂ ಮಿಕ್ಕಿ ಆಮ್ಲಜನಕದ ಅಣುಗಳನ್ನು ಹೊತ್ತಿರುತ್ತದೆ.

ಹಿಮೋಗ್ಲೋಬಿನ್ ಅಣುವಿನ ರಚನೆ ಗೊತ್ತಾಗಲು ಒಬ್ಬ ವಿಜ್ಞಾನಿಯ ಇಪ್ಪತ್ತೆರಡು ವರ್ಷಗಳೇ ಹಿಡಿದವು. ಮ್ಯಾಕ್ಸ್ ಪೆರುಟ್ಜ್ ಕೇಂಬ್ರಿಡ್ಜ್‌ನಲ್ಲಿ 1937ರಲ್ಲಿ ಕೆಲಸ ಶುರು ಮಾಡಿದಾಗ ಅವರಿಗೆ ಇನ್ನೂ ಇಪ್ಪತ್ತಮೂರು ವರ್ಷ. ಎಕ್ಸ್‌ರೇ ಕಿರಣಗಳನ್ನು ಹಿಮೋಗ್ಲೋಬಿನ್ ಹರಳುಗಳ ಮೂಲಕ ಹಾಯಿಸಿ, ಚಿತ್ರಗಳ ಮೇಲೆ ಚಿತ್ರ ತೆಗೆದು, ಅಣುವಿನ ಆಕಾರ ಅವರ ಕೈಗೆ ಸಿಕ್ಕಿದ್ದು 1959ರಲ್ಲಿ. 1962ರಲ್ಲಿ ನೊಬೆಲ್ ಬಂತು. ಅವರು ಬಿಡಿಸಿದ ಆ ಅಣುವಿನಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಪರಮಾಣುಗಳಿವೆ. ಅವುಗಳಲ್ಲಿ ಕಬ್ಬಿಣದ ಪರಮಾಣುಗಳು ನಾಲ್ಕೇ ನಾಲ್ಕು. ಆಮ್ಲಜನಕ ಬಂದು ಕೂರುವುದು ಆ ನಾಲ್ಕರ ಮೇಲೆ ಮಾತ್ರ. ಉಳಿದ ಸಾವಿರಾರು ಪರಮಾಣುಗಳೆಲ್ಲ ಆ ನಾಲ್ಕು ಆಸನಗಳನ್ನು ಸರಿಯಾದ ಕೋನದಲ್ಲಿ, ಸರಿಯಾದ ಬಿಗಿಯಲ್ಲಿ ಹಿಡಿದಿಡಲು ಇರುವ ಏರ್ಪಾಡು.

ಇಷ್ಟೆಲ್ಲ ಏರ್ಪಾಡು ಯಾಕೆ ಬೇಕಿತ್ತು ಎಂಬುದಕ್ಕೆ ಒಂದು ಸರಳ ಗುಣಾಕಾರ ಉತ್ತರ ಕೊಡುತ್ತದೆ. ಹಿಮೋಗ್ಲೋಬಿನ್ ಇಲ್ಲದೆ ಬರೀ ದ್ರವದಲ್ಲಿ ಕರಗಿ ಹೋಗಬಲ್ಲ ಆಮ್ಲಜನಕ 100 ಮಿಲಿಲೀಟರಿಗೆ 0.3 ಮಿಲಿಲೀಟರ್. ಹಿಮೋಗ್ಲೋಬಿನ್ ಇರುವ ರಕ್ತ ಹೊರುವುದು 20 ಮಿಲಿಲೀಟರ್. ಸುಮ್ಮನೆ ಕೂತಿದ್ದರೂ ನಮ್ಮ ಮೈಗೆ ನಿಮಿಷಕ್ಕೆ 250 ಮಿಲಿಲೀಟರ್ ಆಮ್ಲಜನಕ ಬೇಕು. ಈಗ ಹೃದಯ ನಿಮಿಷಕ್ಕೆ ಐದು ಲೀಟರ್ ರಕ್ತ ತಳ್ಳಿ ಆ ಕೆಲಸವನ್ನು ಆರಾಮವಾಗಿ ಮುಗಿಸುತ್ತದೆ, ಕೊಟ್ಟದ್ದರಲ್ಲಿ ಮುಕ್ಕಾಲು ಪಾಲು ಉಳಿದೂ ಇರುತ್ತದೆ. ಹಿಮೋಗ್ಲೋಬಿನ್ ಇಲ್ಲದಿದ್ದರೆ ಹೃದಯ ನಿಮಿಷಕ್ಕೆ 80 ಲೀಟರಿಗೂ ಹೆಚ್ಚು ತಳ್ಳಬೇಕಾಗುತ್ತಿತ್ತು, ಅದರಲ್ಲಿರುವ ಆಮ್ಲಜನಕದ ಕೊನೆಯ ಕಣದವರೆಗೂ ಹಿಂಡಿಕೊಳ್ಳಬೇಕಾಗುತ್ತಿತ್ತು. ಎದ್ದು ನಾಲ್ಕು ಹೆಜ್ಜೆ ಹಾಕುವ ಮಾತಂತೂ ದೂರವೇ ಉಳಿಯಿತು.

ಒಂದು ನಿಮಿಷದ ಯಾತ್ರೆ

ನಾವು ವಿಶ್ರಾಂತಿಯಲ್ಲಿರುವಾಗ ಹೃದಯದಿಂದ ಹೊರಟ ಕೆಂಪು ಕಣ ಮೈಯನ್ನು ಸುತ್ತಿ, ಶ್ವಾಸಕೋಶವನ್ನು ಹೊಕ್ಕು ಮತ್ತೆ ಹೃದಯಕ್ಕೆ ಬರಲು ಸುಮಾರು ಒಂದು ನಿಮಿಷ ಸಾಕು. ಶ್ವಾಸಕೋಶದಲ್ಲಿ 48 ಕೋಟಿಯಷ್ಟು ಪುಟಾಣಿ ಗಾಳಿಗೂಡುಗಳಿವೆ. ಅವುಗಳ ಗೋಡೆಗಂಟಿದ ಲೋಮನಾಳದಲ್ಲಿ ಕಣ ಇರುವುದು ಮುಕ್ಕಾಲು ಸೆಕೆಂಡು ಮಾತ್ರ. ಗಾಳಿಗೂ ರಕ್ತಕ್ಕೂ ನಡುವಿನ ಗೋಡೆ ಅದರ ತೆಳುವಾದ ಕಡೆ ಅರ್ಧ ಮೈಕ್ರಾನಿನಷ್ಟು ದಪ್ಪ. ಅಷ್ಟು ತೆಳುವಾದ್ದರಿಂದಲೇ ಮೊದಲ ಕಾಲು ಸೆಕೆಂಡಿನಲ್ಲೇ ಕಣ ತನ್ನ ಹೊರೆಯನ್ನು ತುಂಬಿಕೊಂಡು ಮುಗಿಸಿರುತ್ತದೆ. ಉಳಿದ ಅರ್ಧ ಸೆಕೆಂಡು ದೇಹ ಇಟ್ಟುಕೊಂಡ ಮುನ್ನೆಚ್ಚರಿಕೆ. ನಾವು ಓಡುವಾಗ, ರಕ್ತ ರಭಸದಿಂದ ನುಗ್ಗುವಾಗ, ಆ ಅರ್ಧ ಸೆಕೆಂಡು ಕೆಲಸಕ್ಕೆ ಬರುತ್ತದೆ.

ರಕ್ತನಾಳಗಳ ಒಟ್ಟು ಉದ್ದ ಒಂದು ಲಕ್ಷ ಕಿಲೋಮೀಟರ್ ಎಂದು ಎಷ್ಟೋ ಪುಸ್ತಕಗಳಲ್ಲಿ ಓದಿರುತ್ತೀರಿ. ಆ ಅಂಕಿಯ ಬೇರು ಇರುವುದು ಡೆನ್ಮಾರ್ಕಿನ ಆಗಸ್ಟ್ ಕ್ರೋ ಅವರ ಲೆಕ್ಕದಲ್ಲಿ. ಲೋಮನಾಳಗಳ ಕುರಿತ ಕೆಲಸಕ್ಕೆ 1920ರಲ್ಲಿ ನೊಬೆಲ್ ಪಡೆದ ದೊಡ್ಡ ವಿಜ್ಞಾನಿ ಅವರು. ಆದರೆ ಆ ಲೆಕ್ಕಕ್ಕೆ ಅವರು ಇಟ್ಟುಕೊಂಡದ್ದು ಅಸಾಧಾರಣ ಗಾತ್ರದ, ತೀರಾ ಮಾಂಸಲ ಮೈಯನ್ನು. ಸಾಮಾನ್ಯ ಮೈಕಟ್ಟು ಹಿಡಿದು ಈಚೆಗೆ ಮಾಡಿದ ಲೆಕ್ಕದಲ್ಲಿ ಲೋಮನಾಳಗಳ ಉದ್ದ 9,000ದಿಂದ 19,000 ಕಿಲೋಮೀಟರ್ ನಡುವೆ ಬರುತ್ತದೆ. ಅಂಕಿ ಇಳಿದ ಮಾತ್ರಕ್ಕೆ ಬೆರಗು ಇಳಿಯಬೇಕಾಗಿಲ್ಲ. ಒಂಬತ್ತು ಸಾವಿರ ಕಿಲೋಮೀಟರ್ ನಾಳವನ್ನು ಒಂದು ಮೈಯೊಳಗೆ ಹೆಣೆಯುವುದು ಸಣ್ಣ ಮಾತಲ್ಲ. ಅದರಲ್ಲೂ ಆ ನಾಳಗಳಲ್ಲಿ ಎಷ್ಟೋ ಕೆಂಪು ಕಣಕ್ಕಿಂತ ಕಿರಿದಾಗಿರುತ್ತವೆ. ಕಣ ಮೈ ಮಡಚಿ, ನೀಳವಾಗಿ, ಒಂದರ ಹಿಂದೊಂದಾಗಿ ತೂರಿಕೊಂಡು ಹೋಗಬೇಕು.

ಹೀಗೆ ಮೈ ಮಡಚಲು ಅನುಕೂಲವಾಗಲೆಂದೋ ಏನೋ, ಕೆಂಪು ಕಣ ಹುಟ್ಟುವಾಗಲೇ ತನ್ನ ಕೋಶಕೇಂದ್ರವನ್ನು ಹೊರಗೆ ಹಾಕಿಬಿಡುತ್ತದೆ. ಅದರಲ್ಲಿ ಡಿಎನ್‌ಎ ಇಲ್ಲ, ಹಾಗಾಗಿ ಹಾಳಾದದ್ದನ್ನು ಸರಿಪಡಿಸಿಕೊಳ್ಳುವ ಶಕ್ತಿಯೂ ಇಲ್ಲ. ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯ ಕೂಡ ಇಲ್ಲ. ನೂರು ಕೋಟಿ ಆಮ್ಲಜನಕದ ಅಣು ಹೊತ್ತು ನಡೆಯುವ ಕಣ ಅದರಲ್ಲಿ ಒಂದನ್ನೂ ತನ್ನ ಹೊಟ್ಟೆಪಾಡಿಗೆ ಮುಟ್ಟುವುದಿಲ್ಲ. ರಕ್ತದಲ್ಲಿನ ಸಕ್ಕರೆಯನ್ನು ಆಮ್ಲಜನಕವಿಲ್ಲದೆಯೇ ಒಡೆದು ಅಷ್ಟಿಷ್ಟು ಶಕ್ತಿ ಪಡೆದು ಬದುಕುತ್ತದೆ. ಹಾಗೆ ಬದುಕುವುದು 120 ದಿನ. ನಿಮಿಷಕ್ಕೊಂದು ಸುತ್ತಿನಂತೆ 1,72,800 ಸುತ್ತು. ಕೊನೆಗೆ ಗುಲ್ಮದಲ್ಲಿ ಒಂದೆರಡು ಮೈಕ್ರಾನ್ ಅಗಲದ ಸೀಳುಗಳ ಮೂಲಕ ನುಸುಳುವ ಪರೀಕ್ಷೆ ಎದುರಾಗುತ್ತದೆ. ಮೈ ಬಾಗದಷ್ಟು ಮುಪ್ಪಾದ ಕಣ ಅಲ್ಲಿ ಸಿಕ್ಕಿಬೀಳುತ್ತದೆ, ಕಾದಿರುವ ಭಕ್ಷಕ ಕೋಶಗಳು ಅದನ್ನು ನುಂಗುತ್ತವೆ.

ಸೆಕೆಂಡಿಗೆ 24 ಲಕ್ಷ

25 ಲಕ್ಷ ಕೋಟಿ ಕಣಗಳು 120 ದಿನಗಳಲ್ಲಿ ಸಾಯುತ್ತವೆ ಎಂದರೆ ದಿನಕ್ಕೆ 20,000 ಕೋಟಿ, ಸೆಕೆಂಡಿಗೆ 24 ಲಕ್ಷ. ಅಷ್ಟೇ ಕಣಗಳು ಸೆಕೆಂಡು ಸೆಕೆಂಡಿಗೂ ಹುಟ್ಟಬೇಕು. ಬೆನ್ನುಮೂಳೆ, ಸೊಂಟದ ಮೂಳೆ, ಎದೆಮೂಳೆ, ಪಕ್ಕೆಲುಬು, ತಲೆಬುರುಡೆಗಳ ಒಳಗಿನ ಅಸ್ಥಿಮಜ್ಜೆ ಈ ಕೆಲಸ ಮಾಡುತ್ತದೆ. ಪ್ರತಿ ಸೆಕೆಂಡಿಗೆ ಅದು ಜೋಡಿಸಬೇಕಾದ ಹಿಮೋಗ್ಲೋಬಿನ್ ಅಣುಗಳು ಸುಮಾರು 650 ಲಕ್ಷ ಕೋಟಿ. ನಿದ್ದೆಯಲ್ಲೂ ಜ್ವರದಲ್ಲೂ ಹಬ್ಬದ ದಿನವೂ ಈ ಕೆಲಸಕ್ಕೆ ಬಿಡುವಿಲ್ಲ.

ಎಷ್ಟು ಹುಟ್ಟಿಸಬೇಕೆಂದು ಮಜ್ಜೆಗೆ ಹೇಳುವುದು ಮೂತ್ರಪಿಂಡ. ರಕ್ತದಲ್ಲಿ ಆಮ್ಲಜನಕ ಸಾಲದೆಂದು ತಿಳಿದ ಕೂಡಲೇ ಅದು ಎರಿತ್ರೋಪೊಯೆಟಿನ್ ಎಂಬ ಹಾರ್ಮೋನನ್ನು ಹೆಚ್ಚು ಸ್ರವಿಸುತ್ತದೆ. ಈ ಹಾರ್ಮೋನು ಎಷ್ಟು ಅತ್ಯಲ್ಪ ಪ್ರಮಾಣದಲ್ಲಿ ಇರುತ್ತದೆಂದರೆ, ಅದನ್ನು ಶುದ್ಧರೂಪದಲ್ಲಿ ಪಡೆಯಲು ಜಪಾನಿನ ವಿಜ್ಞಾನಿ ತಕಾಜಿ ಮಿಯಾಕೆ ಮಜ್ಜೆ ಸೋತ ರೋಗಿಗಳಿಂದ 2,550 ಲೀಟರ್ ಮೂತ್ರ ಸಂಗ್ರಹಿಸಬೇಕಾಯಿತು. ಅದರ ಸಾರವನ್ನು ಹೊತ್ತು ಅವರು ಶಿಕಾಗೋದ ಯೂಜೀನ್ ಗೋಲ್ಡ್‌ವಾಸರ್ ಬಳಿಗೆ ಹೋದರು. ಅಷ್ಟು ಮೂತ್ರದಿಂದ ಕೊನೆಗೆ ಸಿಕ್ಕಿದ್ದು ಕೆಲವೇ ಮಿಲಿಗ್ರಾಮ್. 1977ರಲ್ಲಿ ಆ ಕೆಲಸ ಪ್ರಕಟವಾಯಿತು, 1989ರಲ್ಲಿ ಅಮೆರಿಕದಲ್ಲಿ ಕೃತಕವಾಗಿ ತಯಾರಾದ ಹಾರ್ಮೋನಿಗೆ ಔಷಧಿಯಾಗಿ ಒಪ್ಪಿಗೆ ಸಿಕ್ಕಿತು. ಇವತ್ತು ಡಯಾಲಿಸಿಸ್ ಮಾಡಿಸಿಕೊಳ್ಳುವ ಅಸಂಖ್ಯ ರೋಗಿಗಳು ತೆಗೆದುಕೊಳ್ಳುವ ಚುಚ್ಚುಮದ್ದು ಇದೇ. ಕಿಡ್ನಿ ಸೋತರೆ ರಕ್ತವೂ ಯಾಕೆ ಸೊರಗುತ್ತದೆ ಎಂಬುದಕ್ಕೆ ಕಾರಣವೂ ಇಲ್ಲೇ ಇದೆ.

ಕಬ್ಬಿಣದ ಕಡತ

ಇಲ್ಲಿಯವರೆಗೆ ಹೇಳಿದ್ದೆಲ್ಲ ದೊಡ್ಡ ಅಂಕಿಗಳು. ಕೋಟಿ, ಲಕ್ಷ ಕೋಟಿ ಎಂದಾಗ ಯಾರಿಗಾದರೂ ಬೆರಗಾಗುತ್ತದೆ. ರಕ್ತದ ಲೆಕ್ಕದಲ್ಲಿ ನಾನು ಎಲ್ಲಕ್ಕಿಂತ ಬೆರಗಾಗುವ ಅಂಕಿ ತೀರಾ ಚಿಕ್ಕದು. ಅದು ಒಂದರಿಂದ ಎರಡು ಮಿಲಿಗ್ರಾಮ್. ದಿನಕ್ಕೆ ನಮ್ಮ ಕರುಳು ಆಹಾರದಿಂದ ಹೀರಿಕೊಳ್ಳುವ ಕಬ್ಬಿಣ ಅಷ್ಟೇ.

ಇಡೀ ಮೈಯಲ್ಲಿರುವ ಕಬ್ಬಿಣ ಮೂರರಿಂದ ನಾಲ್ಕು ಗ್ರಾಮ್, ಹೆಂಗಸರಲ್ಲಿ ಇನ್ನೂ ಕಡಿಮೆ. ಅದರಲ್ಲಿ ಮೂರನೇ ಎರಡು ಪಾಲು ಹಿಮೋಗ್ಲೋಬಿನ್‌ನಲ್ಲಿದೆ. ದಿನಕ್ಕೆ 20,000 ಕೋಟಿ ಕಣ ಹುಟ್ಟಿಸಲು ಮಜ್ಜೆಗೆ ಬೇಕಾದದ್ದು 20ರಿಂದ 25 ಮಿಲಿಗ್ರಾಮ್ ಕಬ್ಬಿಣ. ಹೀರಿಕೊಳ್ಳುವುದು ಒಂದೆರಡು, ಖರ್ಚು ಇಪ್ಪತ್ತೈದು. ಉಳಿದದ್ದು ಎಲ್ಲಿಂದ ಬರಬೇಕು? ಸತ್ತ ಕಣಗಳಿಂದ. ಗುಲ್ಮ ಮತ್ತು ಲಿವರ್‌ನ ಭಕ್ಷಕ ಕೋಶಗಳು ನುಂಗಿದ ಒಂದೊಂದು ಕಣದಿಂದಲೂ ಕಬ್ಬಿಣವನ್ನು ಬಿಡಿಸಿ ಮಜ್ಜೆಗೆ ಮರಳಿಸುತ್ತವೆ. ಇವತ್ತು ನಿಮ್ಮ ರಕ್ತದಲ್ಲಿರುವ ಕಬ್ಬಿಣದ ಪರಮಾಣು ನಿಮ್ಮದೇ ಎಷ್ಟೋ ಹಳೆಯ ಕಣಗಳಲ್ಲಿ ದುಡಿದು ಬಂದದ್ದಾಗಿರಬಹುದು.

ಹೀಗೆ ಉಳಿಸಿ ಬಳಸುವ ವ್ಯವಸ್ಥೆಗೆ ಒಂದು ವೈಶಿಷ್ಟ್ಯವಿದೆ. ಹೆಚ್ಚಾದ ಕಬ್ಬಿಣವನ್ನು ಹೊರಹಾಕಲು ದೇಹಕ್ಕೆ ದಾರಿಯಿಲ್ಲ. ಚರ್ಮ, ಕರುಳಿನ ಒಳಪದರ ಉದುರುವಾಗ ದಿನಕ್ಕೆ ಸುಮಾರು ಒಂದು ಮಿಲಿಗ್ರಾಮ್ ಹೋಗುತ್ತದೆ, ಅಷ್ಟೇ. ಹಾಗಾಗಿ ಹಿಡಿತವೆಲ್ಲ ಒಳಬರುವ ಬಾಗಿಲಲ್ಲಿ. ಲಿವರ್ ಸ್ರವಿಸುವ ಹೆಪ್ಸಿಡಿನ್ ಎಂಬ ಪುಟ್ಟ ಹಾರ್ಮೋನು ಆ ಬಾಗಿಲನ್ನು ತೆರೆಯುವುದು, ಮುಚ್ಚುವುದು ಮಾಡುತ್ತದೆ. ಸೋಂಕು, ಉರಿಯೂತ ಇದ್ದಾಗ ಹೆಪ್ಸಿಡಿನ್ ಏರಿ ಬಾಗಿಲು ಮುಚ್ಚುತ್ತದೆ. ಪದೇ ಪದೇ ಜ್ವರ, ಭೇದಿಯಿಂದ ನರಳುವ ಮಗುವಿಗೆ ಕಬ್ಬಿಣದ ಮದ್ದು ಕೊಟ್ಟರೂ ಬೇಗ ಹತ್ತದಿರುವುದಕ್ಕೆ ಇದೂ ಒಂದು ಕಾರಣ.

ಆಯ ವ್ಯಯ ಇಷ್ಟು ಬಿಗಿಯಾಗಿರುವ ಕಡತದಲ್ಲಿ ಅರ್ಧ ಮಿಲಿಗ್ರಾಮ್ ಕೂಡ ದೊಡ್ಡ ಮೊತ್ತ. ಮುಟ್ಟಿನಲ್ಲಿ ತಿಂಗಳಿಗೆ ಸರಾಸರಿ 30ರಿಂದ 40 ಮಿಲಿಲೀಟರ್ ರಕ್ತ ಹೋಗುತ್ತದೆ. ಅದರಲ್ಲಿರುವ ಕಬ್ಬಿಣ 15 ಮಿಲಿಗ್ರಾಮ್‌ನಷ್ಟು. ದಿನಕ್ಕೆ ಹಂಚಿದರೆ ಅರ್ಧ ಮಿಲಿಗ್ರಾಮ್. ಗಂಡಸಿಗಿಲ್ಲದ ಈ ಅರ್ಧ ಮಿಲಿಗ್ರಾಮ್ ಖರ್ಚು ಹೆಣ್ಣಿಗೆ ಮೂವತ್ತು ಮೂವತ್ತೈದು ವರ್ಷ ಇರುತ್ತದೆ. ಒಂದು ಬಸುರಿಗೆ ಬೇಕಾಗುವ ಹೆಚ್ಚುವರಿ ಕಬ್ಬಿಣ ಸುಮಾರು 1,000 ಮಿಲಿಗ್ರಾಮ್. ಅದರಲ್ಲಿ 300 ಮಿಲಿಗ್ರಾಮ್ ಮಗುವಿನ ಪಾಲು, 500ರಷ್ಟು ತಾಯಿಯ ರಕ್ತ ಹೆಚ್ಚಿಸಿಕೊಳ್ಳಲು. ಒಂದು ಹೆರಿಗೆಯ ಖರ್ಚು ತುಂಬಿಬರುವ ಮೊದಲೇ ಇನ್ನೊಂದು ಬಸುರಾದರೆ ಕಡತದಲ್ಲಿ ಉಳಿಯುವುದು ಸಾಲ ಮಾತ್ರ.

ಇನ್ನು ಕೊಕ್ಕೆ ಹುಳು. ಬರಿಗಾಲಲ್ಲಿ ಓಡಾಡುವವರ ಅಂಗಾಲಿನ ಚರ್ಮ ಕೊರೆದು ಒಳಸೇರಿ, ಕರುಳಿಗೆ ಕಚ್ಚಿಕೊಳ್ಳುವ ಸೆಂಟಿಮೀಟರ್ ಉದ್ದದ ಹುಳು ಇದು. ನೆಕೇಟರ್ ಎಂಬ ಜಾತಿಯ ಒಂದು ಹುಳು ದಿನಕ್ಕೆ ಕುಡಿಯುವ ರಕ್ತ ಕೇವಲ 0.03 ಮಿಲಿಲೀಟರ್. ಅಂಥ ನೂರು ಹುಳು ಇದ್ದರೆ ದಿನಕ್ಕೆ ಮೂರು ಮಿಲಿಲೀಟರ್ ರಕ್ತ, ಅದರೊಂದಿಗೆ ಒಂದೂವರೆ ಮಿಲಿಗ್ರಾಮ್‌ನವರೆಗೆ ಕಬ್ಬಿಣ. ಆ ವ್ಯಕ್ತಿ ಇಡೀ ದಿನ ಉಂಡು ಹೀರಿಕೊಂಡದ್ದೆಲ್ಲ ಅಲ್ಲಿಗೇ ಸಂದಾಯವಾಯಿತು. ಶಾಲೆ, ಅಂಗನವಾಡಿಗಳಲ್ಲಿ ಫೆಬ್ರವರಿ 10 ಮತ್ತು ಆಗಸ್ಟ್ 10ರಂದು ಮಕ್ಕಳಿಗೆ ಕೊಡುವ ಜಂತುಹುಳದ ಮಾತ್ರೆಯ ಬೆಲೆ ಈ ಗುಣಾಕಾರ ಗೊತ್ತಿದ್ದವರಿಗೆ ಚೆನ್ನಾಗಿ ತಿಳಿಯುತ್ತದೆ.

ಅರ್ಧ ನಾಡಿನ ಕೊರತೆ

ಈ ಸಣ್ಣ ಸಣ್ಣ ಸೋರಿಕೆಗಳೆಲ್ಲ ಕೂಡಿ ಏನಾಗಿದೆ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 57 ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 67. ಕರ್ನಾಟಕದಲ್ಲಿ ಮಹಿಳೆಯರ ಪ್ರಮಾಣ ಶೇ 47.8, ಮಕ್ಕಳದ್ದು ಶೇ 65.5, ಗಂಡಸರದ್ದು ಶೇ 19.6. ಹಿಂದಿನ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಮಹಿಳೆಯರಲ್ಲಿ ಶೇ 44.8 ಇದ್ದದ್ದು ಇಳಿಯುವ ಬದಲು ಏರಿದೆ.

‘ಎಚ್‌ಬಿ ಎಂಟು ಇದೆಯಂತೆ’ ಎಂದು ಊರಲ್ಲಿ ಸಲೀಸಾಗಿ ಹೇಳಿಬಿಡುತ್ತಾರೆ. ಆ ಎಂಟರ ಅರ್ಥವನ್ನು ಬಿಡಿಸಿ ಹೇಳಬೇಕು. ಎಚ್‌ಬಿ, ಅಂದರೆ ಹಿಮೋಗ್ಲೋಬಿನ್, ಡೆಸಿಲೀಟರಿಗೆ 12 ಗ್ರಾಮ್ ಇರುವ ಒಂದು ಲೀಟರ್ ರಕ್ತ ಸುಮಾರು 160 ಮಿಲಿಲೀಟರ್ ಆಮ್ಲಜನಕ ಹೊರಬಲ್ಲದು. ಎಂಟಕ್ಕೆ ಇಳಿದಾಗ ಹೊರುವುದು 107 ಮಿಲಿಲೀಟರ್. ಮೂರರಲ್ಲಿ ಒಂದು ಪಾಲು ಕಡಿಮೆ. ಅದೇ ಮನೆಗೆಲಸ, ಅದೇ ಗದ್ದೆಯ ಕಳೆ ಕೀಳುವ ಕೆಲಸ, ಅದೇ ನೀರಿನ ಕೊಡ. ಆಮ್ಲಜನಕ ಮಾತ್ರ ಮೂರನೇ ಒಂದು ಪಾಲು ಕಡಿಮೆ. ಹೃದಯ ಹೆಚ್ಚು ಬಡಿದು ಆ ಕೊರತೆಯನ್ನು ತುಂಬಲು ಹೆಣಗುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು, ಸುಮ್ಮನೆ ಕೂತರೂ ಎದೆಬಡಿತ, ಕಣ್ಣು ಕತ್ತಲೆ. ಇದನ್ನು ಸೋಮಾರಿತನ ಎಂದು ಬೈಯುವ ಮನೆಗಳು ಇನ್ನೂ ಇವೆ. ಸುಸ್ತು ಹೆಣ್ಣುಮಕ್ಕಳ ಸ್ವಭಾವ ಎಂದುಕೊಂಡು ತಲೆಮಾರುಗಳೇ ಕಳೆದಿವೆ. ಹೆರಿಗೆಯ ಹೊತ್ತಿನಲ್ಲಂತೂ ಈ ಕೊರತೆ ಜೀವಕ್ಕೇ ಎರವಾಗಬಹುದು. 12 ಇರುವ ತಾಯಿ ತಡೆದುಕೊಳ್ಳುವ ರಕ್ತಸ್ರಾವವನ್ನು 7 ಇರುವ ತಾಯಿ ತಡೆದುಕೊಳ್ಳಲಾರಳು.

ಕಬ್ಬಿಣ ಒಂದೇ ಸಾಲದು. 1928ರಲ್ಲಿ ಇಂಗ್ಲಿಷ್ ವೈದ್ಯೆ ಲೂಸಿ ವಿಲ್ಸ್ ಮುಂಬಯಿಗೆ ಬಂದರು. ಅಲ್ಲಿನ ಬಟ್ಟೆ ಗಿರಣಿಯ ಬಡ ಕಾರ್ಮಿಕ ಹೆಂಗಸರಲ್ಲಿ ಬಸುರಿನ ಹೊತ್ತಿಗೆ ಕಾಣುತ್ತಿದ್ದ ತೀವ್ರ ರಕ್ತಹೀನತೆಯನ್ನು ಅಭ್ಯಾಸ ಮಾಡಿದರು. ಯೀಸ್ಟ್ ಸಾರ ಕೊಟ್ಟಾಗ ಅವರು ಚೇತರಿಸಿಕೊಂಡದ್ದನ್ನು ಕಂಡು 1931ರಲ್ಲಿ ಪ್ರಕಟಿಸಿದರು. ಆ ಸಾರದೊಳಗಿದ್ದ ವಸ್ತು ಫೋಲಿಕ್ ಆಮ್ಲ ಎಂದು ಮುಂದೆ ತಿಳಿಯಿತು. ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ಅಮೆರಿಕದ ಲೆಡರ್ಲಿ ಕಂಪನಿಯ ತಂಡದ ಹಿಂದಿದ್ದವರು ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಇವತ್ತು ಬಸುರಿಗೆ ಆಶಾ ಕಾರ್ಯಕರ್ತೆ ತಂದುಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಮ್ ಕಬ್ಬಿಣದ ಜೊತೆ ಇರುವ ಫೋಲಿಕ್ ಆಮ್ಲ 500 ಮೈಕ್ರೋಗ್ರಾಮ್, ಅಂದರೆ ಅರ್ಧ ಮಿಲಿಗ್ರಾಮ್. ವಿಟಮಿನ್ ಬಿ12 ಇನ್ನೂ ಕಡಿಮೆ ಸಾಕು, ದಿನಕ್ಕೆ ಎರಡು ಮೈಕ್ರೋಗ್ರಾಮ್‌ಗಿಂತ ತುಸು ಹೆಚ್ಚು. ಅಷ್ಟೂ ಸಿಗದಿದ್ದರೆ ಮಜ್ಜೆಯಲ್ಲಿ ಕಣಗಳು ಹಿಗ್ಗಿ, ಬಲಿಯದೆ, ಹೊರಬರುವ ಮೊದಲೇ ಸಾಯುತ್ತವೆ. ಬಿ12 ಸಿಗುವುದು ಹಾಲು, ಮೊಟ್ಟೆ, ಮೀನು, ಮಾಂಸದಂಥ ಪ್ರಾಣಿಮೂಲದ ಆಹಾರದಿಂದ. ಸಸ್ಯಾಹಾರಿಗಳು ಇದನ್ನು ನೆನಪಿನಲ್ಲಿಡಬೇಕು.

ಒಂದು ಅಕ್ಷರ, ಒಂದು ಪರಾವಲಂಬಿ

ಅಲ್ಪವಾದದ್ದು ಅಗಾಧವಾದದ್ದನ್ನು ಕೆಡಹುವುದಕ್ಕೆ ಮಲೇರಿಯಾಕ್ಕಿಂತ ಚುರುಕಾದ ಉದಾಹರಣೆ ಸಿಗದು. ಸೊಳ್ಳೆಯ ಹೊಟ್ಟೆಯಲ್ಲಿ ಇದರ ಪರಾವಲಂಬಿಯನ್ನು ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಕಂಡರು. ಮಾರಕವಾದ ಫಾಲ್ಸಿಪಾರಮ್ ಜಾತಿ ಕೆಂಪು ಕಣದೊಳಗೆ ಹೊಕ್ಕು ಹಿಮೋಗ್ಲೋಬಿನ್ ತಿಂದು 48 ಗಂಟೆಗಳಲ್ಲಿ ಹದಿನಾರರಷ್ಟಾಗಿ ಕಣವನ್ನು ಒಡೆದು ಹೊರಬರುತ್ತದೆ. ತಡೆಯುವವರು ಇಲ್ಲದಿದ್ದರೆ ಒಂದು ಪರಾವಲಂಬಿ ಎರಡು ದಿನಕ್ಕೆ 16, ನಾಲ್ಕು ದಿನಕ್ಕೆ 256, ಹತ್ತು ದಿನಕ್ಕೆ 10,48,576. 2023ರಲ್ಲಿ ಜಗತ್ತಿನಲ್ಲಿ 26 ಕೋಟಿಗೂ ಹೆಚ್ಚು ಮಲೇರಿಯಾ ಪ್ರಕರಣಗಳಾದವು, 5,97,000 ಜನ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ.

ಮಲೇರಿಯಾದ ಜೊತೆ ಸಾವಿರಾರು ವರ್ಷ ಬದುಕಿದ ಜನಸಮುದಾಯಗಳ ರಕ್ತದಲ್ಲಿ ಅದರ ಒಂದು ಗುರುತು ಉಳಿದಿದೆ. ನಮ್ಮ ಜೀನೋಮಿನ 300 ಕೋಟಿ ಅಕ್ಷರಗಳಲ್ಲಿ ಒಂದೇ ಒಂದು ಬದಲಾದರೆ, ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ ಆರನೆಯ ಜಾಗದಲ್ಲಿ ಗ್ಲುಟಾಮಿಕ್ ಆಮ್ಲ ಎಂಬ ಅಮೈನೊ ಆಮ್ಲದ ಬದಲು ವ್ಯಾಲಿನ್ ಬಂದು ಕೂರುತ್ತದೆ. ತಂದೆ ತಾಯಿ ಇಬ್ಬರಿಂದಲೂ ಆ ಬದಲಾವಣೆ ಬಂದವರಲ್ಲಿ ಕಣಗಳು ಕುಡುಗೋಲಿನಂತೆ ಬಾಗಿ, ನಾಳಗಳಲ್ಲಿ ಸಿಕ್ಕಿಕೊಂಡು, ಸಹಿಸಲಾಗದ ನೋವು ಕೊಡುತ್ತವೆ. 120 ದಿನ ಬದುಕಬೇಕಾದ ಕಣ 10ರಿಂದ 20 ದಿನಕ್ಕೇ ಸಾಯುತ್ತದೆ. ಒಬ್ಬರಿಂದ ಮಾತ್ರ ಬಂದರೆ ರೋಗವಿಲ್ಲ, ಮೇಲಾಗಿ ಮಲೇರಿಯಾದಿಂದ ರಕ್ಷಣೆ ಇದೆ ಎಂದು ಆಂಥನಿ ಆಲಿಸನ್ 1954ರಲ್ಲಿ ತೋರಿಸಿದರು.

ಭಾರತದಲ್ಲಿ ಈ ಕುಡುಗೋಲು ಕಣಗಳು ಮೊದಲು ಗುರುತಾದದ್ದು ನಮ್ಮ ಪಕ್ಕದ ನೀಲಗಿರಿಯ ಬುಡಕಟ್ಟುಗಳಲ್ಲಿ, 1952ರಲ್ಲಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ಮೈಸೂರು, ಕೊಡಗಿನ ಕಾಡಂಚಿನ ಜೇನುಕುರುಬರಂಥ ಸಮುದಾಯಗಳಲ್ಲೂ ಈ ರೋಗ ಇದೆ. 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಅಭಿಯಾನ 17 ರಾಜ್ಯಗಳಲ್ಲಿ 40 ವರ್ಷದೊಳಗಿನ 7 ಕೋಟಿ ಜನರನ್ನು ಪರೀಕ್ಷಿಸುವ ಗುರಿ ಇಟ್ಟುಕೊಂಡಿದೆ, ಕರ್ನಾಟಕವೂ ಅದರಲ್ಲಿ ಸೇರಿದೆ. ಪರೀಕ್ಷೆಯ ಫಲಿತಾಂಶ ಹಾಡಿಯ ಮದುವೆ ಮಾತುಕತೆಗೆ ಕಳಂಕವಾಗದೆ ತಿಳಿವಳಿಕೆಯಾಗಿ ತಲುಪುವಂತೆ ನೋಡಿಕೊಳ್ಳುವುದು ಆ ಏಳು ಕೋಟಿಯ ಎಣಿಕೆಗಿಂತ ಕಷ್ಟದ ಕೆಲಸ.

ಎಷ್ಟು ಕಬ್ಬಿಣ ಬೇಕು?

ಈಗ ಕೊನೆಯ ಲೆಕ್ಕ. 50 ಕಿಲೋ ತೂಕದ ಮಹಿಳೆಯ ಹಿಮೋಗ್ಲೋಬಿನ್ 9ರಿಂದ 12ಕ್ಕೆ ಏರಬೇಕಾದರೆ ಆಕೆಯ ರಕ್ತಕ್ಕೆ ಸೇರಬೇಕಾದ ಕಬ್ಬಿಣ ಸುಮಾರು 340 ಮಿಲಿಗ್ರಾಮ್, ಒಂದು ಗ್ರಾಮಿನ ಮೂರನೇ ಒಂದು ಪಾಲು. ಅಂಥ ಒಂದು ಕೋಟಿ ಮಹಿಳೆಯರಿದ್ದರೂ ಒಟ್ಟು ಬೇಕಾಗುವುದು 3,400 ಕಿಲೋ. ಸಂಡೂರಿನ ಗಣಿಯಿಂದ ಹೊರಡುವ ಒಂದು ಲಾರಿ ಅದಿರಿನಲ್ಲಿ ಅದಕ್ಕಿಂತ ಹೆಚ್ಚು ಕಬ್ಬಿಣ ಇರುತ್ತದೆ. ನುಂಗಿದ ಮಾತ್ರೆಯಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ ಮೈಗೆ ಹತ್ತುತ್ತದೆ ಎಂದು ಹಿಡಿದರೂ 34 ಟನ್. ದೇಶದ ದೊಡ್ಡ ಕಬ್ಬಿಣ ಅದಿರು ರಾಜ್ಯಗಳಲ್ಲಿ ಒಂದಾದ ನಮಗೆ ಇದು ಲೆಕ್ಕಕ್ಕೇ ಬಾರದ ತೂಕ.

ಹಾಗಾದರೆ ಕೊರತೆ ಇರುವುದೆಲ್ಲಿ? ಮಾತ್ರೆ ಮನೆಗೆ ಬಂದರೂ ಹೊಟ್ಟೆಗೆ ಹೋಗದಿರುವಲ್ಲಿ. ವಾಕರಿಕೆ, ಮಲಬದ್ಧತೆ, ಕಪ್ಪು ಮಲ ಕಂಡು ಹೆದರಿ ನಿಲ್ಲಿಸಿಬಿಡುವಲ್ಲಿ. ಇವು ಮಾತ್ರೆಯ ಸಾಮಾನ್ಯ ಪರಿಣಾಮಗಳು, ವೈದ್ಯರಿಗೆ ಹೇಳಿದರೆ ದಿನ ಬಿಟ್ಟು ದಿನ ತೆಗೆದುಕೊಳ್ಳುವಂಥ ದಾರಿಗಳಿವೆ ಎಂದು ತಾಳ್ಮೆಯಿಂದ ಹೇಳುವವರಿಲ್ಲದಲ್ಲಿ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಆಕೆ ಉಣ್ಣುವಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿರುವಂತೆ ಆಹಾರದಲ್ಲಿ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಮ್ ಕಬ್ಬಿಣ ಬೇಕು, ಹೆಂಗಸಿಗೆ 29. ಹೆಚ್ಚು ಬೇಕಾದವಳ ತಟ್ಟೆಯಲ್ಲೇ ಕಡಿಮೆ ಬೀಳುತ್ತಿದೆ.

ನೂರು ಗ್ರಾಮ್ ರಾಗಿಯಲ್ಲಿ ನಾಲ್ಕರಿಂದ ನಾಲ್ಕೂವರೆ ಮಿಲಿಗ್ರಾಮ್ ಕಬ್ಬಿಣ ಇದ್ದರೂ ಧಾನ್ಯದ ಫೈಟೇಟ್ ಅದನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ರಾಗಿಯನ್ನು ಮೊಳಕೆ ಬರಿಸಿದರೆ ಆ ಹಿಡಿತ ಸಡಿಲವಾಗುತ್ತದೆ. ಊಟಕ್ಕೆ ನಿಂಬೆರಸ, ನೆಲ್ಲಿಕಾಯಿ, ಸೀಬೆ ಸೇರಿದರೆ ಹೀರಿಕೆ ಹೆಚ್ಚುತ್ತದೆ. ಊಟದ ಜೊತೆ ಕುಡಿದ ಕಾಫಿ ಹೀರಿಕೆಯನ್ನು ಸುಮಾರು ಶೇ 40ರಷ್ಟು, ಚಹಾ ಶೇ 60ಕ್ಕೂ ಹೆಚ್ಚು ತಗ್ಗಿಸಿದ್ದನ್ನು 1983ರ ಅಧ್ಯಯನವೊಂದು ದಾಖಲಿಸಿದೆ. ಕಾಫಿ ಬಿಡಬೇಕಾಗಿಲ್ಲ, ಊಟಕ್ಕೆ ಒಂದು ಗಂಟೆ ಮೊದಲೇ ಕುಡಿದರೆ ಸಾಕು. ಅಂಗನವಾಡಿಯಲ್ಲಿ ಬಸುರಿಯರಿಗೆ, ಬಾಣಂತಿಯರಿಗೆ ಬಿಸಿಯೂಟ ಬಡಿಸುವ ಮಾತೃಪೂರ್ಣ ಯೋಜನೆ 2017ರಿಂದ ರಾಜ್ಯದಲ್ಲಿದೆ. ರಕ್ತಹೀನತೆ ಇರುವ ಬಸುರಿಯರಿಗೆ 1,000 ಮಿಲಿಗ್ರಾಮ್ ಕಬ್ಬಿಣವನ್ನು ಒಂದೇ ಸಲ ರಕ್ತನಾಳದ ಮೂಲಕ ಕೊಡುವ ಕ್ರಮವನ್ನು ಮಾತ್ರೆಯೊಂದಿಗೆ ಹೋಲಿಸಿ ನೋಡಿದ ದೊಡ್ಡ ಪ್ರಯೋಗವೊಂದು ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಮುಂದಾಳತ್ವದಲ್ಲಿ ನಮ್ಮಲ್ಲೇ ನಡೆದಿದೆ.

ಸೆಕೆಂಡಿಗೆ 24 ಲಕ್ಷ ಕಣ ಹುಟ್ಟಿಸುವ ಮಜ್ಜೆ ತನ್ನ ಕೆಲಸದಲ್ಲಿ ಎಂದೂ ಹಿಂಜರಿದಿಲ್ಲ. ಅದಕ್ಕೆ ದಿನಕ್ಕೊಂದೆರಡು ಮಿಲಿಗ್ರಾಮ್ ಒದಗಿಸುವುದು ಮಾತ್ರ ನಮ್ಮ ಪಾಲಿನ ಕೆಲಸ. ಮನೆಯ ಹೆಣ್ಣುಮಗಳು ಸುಸ್ತೆಂದರೆ ಬೈಯುವ ಬದಲು ಎಚ್‌ಬಿ ಪರೀಕ್ಷೆ ಮಾಡಿಸಬೇಕು, ಅಂಕಿ ಹನ್ನೆರಡಕ್ಕಿಂತ ಕೆಳಗಿದ್ದರೆ ವೈದ್ಯರ ಬಳಿ ಕಾರಣ ಹುಡುಕಿಸಿ, ಮೇಲೇರಿದ ಬಳಿಕವೂ ಮೂರು ತಿಂಗಳು ಮದ್ದು ನಿಲ್ಲಿಸದಂತೆ ನೋಡಿಕೊಳ್ಳಬೇಕು. ಆಕೆಯ ತಟ್ಟೆಗೆ ಮೊದಲು ಬಡಿಸಬೇಕು. ಅರ್ಧ ನಾಡಿನ ಕೊರತೆ ನೀಗುವ ದಾರಿ ಆ ತಟ್ಟೆಯಷ್ಟೇ ಹತ್ತಿರದಲ್ಲಿದೆ.